ಹೂಂ ಅಂದ ಮೇಲೆ

ಜೂನ್ 9, ಸೋಮವಾರ

ತರಬೇತಿಯ ಮೊದಲ ದಿನವೇ ಮನೆಗೆಲಸ ಕೊಟ್ಟಿದ್ದಾರೆ. ಮನಸ್ಸಿಗೆ ಬಂದಾಗಲೆಲ್ಲ ಒಂದಿಷ್ಟು ಬರೆಯಬೇಕಂತೆ. ಯಾವ ಭಾಷೆಯಾದರೂ ಸರಿ, ಯಾರೂ ತೆಗೆದು ನೋಡುವುದಿಲ್ಲವಂತೆ. "ಇನ್ನು ಮೇಲೆ ಊರಿನವರ ಸಂಕಟವನ್ನೆಲ್ಲ ಕಿವಿಯಲ್ಲಿ ತುಂಬಿಕೊಂಡು ಮನೆಗೆ ಹೋಗುವವರು ನೀವು. ಎಲ್ಲಾದರೂ ಇಳಿಸಬೇಕಲ್ಲಮ್ಮಾ," ಎಂದರು ನರ್ಸಿಂಗ್ ರಾವ್ ಸರ್. ಎಸಿಪಿಯಾಗಿ ನಿವೃತ್ತರಾದವರು, ಈಗ ನಮಗೆ ಮಾತಾಡುವುದನ್ನು ಕಲಿಸಲು ಬಂದಿದ್ದಾರೆ. ಠಾಣೆಯಲ್ಲಿ ಕೂತು ಅರ್ಧ ಸಿಕಂದರಾಬಾದನ್ನು ಬೈದು ಬಾಯಿ ಪಳಗಿಸಿಕೊಂಡ ಈ ಎಸ್ಸೈ ಶಿವದೇವಿಗೆ ಮಾತು ಕಲಿಸುತ್ತಾರಂತೆ. ನೋಡೋಣ.

ಸರ್ ಹೇಳುವುದು ತೆಲುಗಿನಲ್ಲಿ, ನಾನು ಬರೆಯುವುದು ಕನ್ನಡದಲ್ಲಿ. ಕಾಚಿಗೂಡದ ಕನ್ನಡ ಶಾಲೆಯಲ್ಲಿ ತಿದ್ದಿದ ಅಕ್ಷರ ಇಷ್ಟು ವರ್ಷದ ಮೇಲೆ ಕೆಲಸಕ್ಕೆ ಬಂತು. ಸ್ಟೇಷನ್ನಿನಲ್ಲಿ ಯಾರ ಕೈಗೆ ಸಿಕ್ಕರೂ ಒಂದು ಸಾಲು ತಿಳಿಯದು.

ನಮ್ಮನ್ನು ಸೇರಿಸಿರುವ ಹೊಸ ತಂಡದಲ್ಲಿ ಎರಡು ಭಾಗ. ಒಂದು ಬಾಗಿಲು ಒಡೆಯುವವರದ್ದು: ಹೆಲ್ಮೆಟ್ಟು, ಗುರಾಣಿ, ಹಗ್ಗ, ಬಂದೂಕು. ಅದಕ್ಕೆ ಇನ್‌ಸ್ಪೆಕ್ಟರ್ ಸಾದಿಕ್ ಮುಖ್ಯಸ್ಥ. ಇನ್ನೊಂದು ನಮ್ಮದು, ಬಾಗಿಲು ತೆರೆಸುವವರದ್ದು: ಒಂದು ಫೋನು, ಎರಡು ಹೆಡ್‌ಫೋನು, ಒಂದು ಬಿಳಿ ಹಲಗೆ. ಯಾರಾದರೂ ಒತ್ತೆಯಾಳನ್ನು ಹಿಡಿದು ಕೂತರೆ, ಇಲ್ಲವೇ ಸಾಯುತ್ತೇನೆಂದು ಚಿಲಕ ಹಾಕಿಕೊಂಡರೆ, ಎರಡೂ ತಂಡ ಒಟ್ಟಿಗೇ ಹೋಗಬೇಕು. ಸಾದಿಕ್‌ಗೆ ನಮ್ಮ ಮೇಲೆ ಭಾರಿ ಕನಿಕರ. "ಆಪ್ ಬಾತಾಂ ಕರೋ ಮೇಡಂ, ಹಮ್ ಚಾಯ್ ಪೀತೇ ಬೈಠತೇಂ," ಎಂದ. ನಾವು ಮಾತಾಡುತ್ತಿರಬೇಕಂತೆ, ಅವರು ಚಹಾ ಕುಡಿಯುತ್ತ ಕೂರುತ್ತಾರಂತೆ. ನನ್ನನ್ನು ಆರಿಸಿದ್ದು ನಾಲ್ಕು ಭಾಷೆ ಬರುತ್ತದೆ ಎಂದು. ತಾಳ್ಮೆ ಇದೆಯೇ ಎಂದು ಯಾರೂ ಕೇಳಲಿಲ್ಲ, ಬಚಾವಾದೆ.

ಜೂನ್ 12, ಗುರುವಾರ

ಇವತ್ತು ಆಡಬಾರದ ಮಾತುಗಳ ಪಾಠ. "ಸಮಾಧಾನ ಮಾಡಿಕೋ" ಅನ್ನಬಾರದು. "ಯಾಕೆ ಹೀಗೆ ಮಾಡಿದೆ" ಅನ್ನಬಾರದು. "ನನಗೆ ಅರ್ಥವಾಗುತ್ತದೆ" ಅಂತೂ ಅನ್ನಲೇಬಾರದು. ಮತ್ತೇನು ಮಾಡಬೇಕು? ಅವನು ಕೊನೆಗೆ ಆಡಿದ ಎರಡು ಮಾತನ್ನು ಅವನಿಗೇ ಮೆಲ್ಲಗೆ ತಿರುಗಿ ಹೇಳಿ ಸುಮ್ಮನಿರಬೇಕು. ಸುಮ್ಮನಿರುವುದೇ ಮುಖ್ಯವಂತೆ.

ಮನೆಗೆ ಬಂದು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಮರೆತೆ. ಅಪ್ಪ ಡಯಾಲಿಸಿಸ್‌ಗೆ ಹೋಗಿರಲಿಲ್ಲ. ವಾರಕ್ಕೆ ಮೂರು ಸಲ ಹೋಗಬೇಕು: ಮಂಗಳವಾರ, ಗುರುವಾರ, ಶನಿವಾರ. ಆಟೋದವನು ಬಾಗಿಲಿಗೆ ಬಂದು ಹಾರ್ನ್ ಹೊಡೆದು ಹೋದನಂತೆ.

"ಯಾಕ ಹೋಗಲಿಲ್ಲ?" ಎಂದೆ.

"ಮನಸ್ಸಾಗಲಿಲ್ಲ."

"ಮನಸ್ಸೇನು ಮನಸ್ಸು? ಸಿನೆಮಾಕ್ಕ ಹೋಗಾಕತ್ತಿದ್ದಿ ಏನು? ನಾ ಡ್ಯೂಟಿ ಬಿಟ್ಟು ಮನ್ಯಾಗ ಕಾಯಲೇನು ನಿನ್ನ?"

ಶರಣು ನನ್ನ ದನಿಗೆ ಹೆದರಿ ಮಂಚದ ಹಿಂದೆ ಹೋಗಿ ಕೂತ. ಶರಣಕುಮಾರ, ನನ್ನ ತಮ್ಮ. ಮೂವತ್ತು ದಾಟಿದ್ದಾನೆ, ಬುದ್ಧಿ ಮಾತ್ರ ನಾಲ್ಕರ ಮಗುವಿನದು. ಅವ್ವ ಹೋದ ಮೇಲೆ ಅವನ ಸ್ನಾನ, ಊಟ, ಗಡ್ಡ ಎಲ್ಲ ಅಪ್ಪನದೇ. ಲೈಟಿನ ಇಲಾಖೆಯಲ್ಲಿ ಕಂಬ ಹತ್ತಿ ಇಳಿದ ಕೈ ಈಗ ಅವನ ಪಾಯಜಾಮದ ಲಾಡಿ ಕಟ್ಟುತ್ತದೆ. ನನಗೆ ಅದೆಲ್ಲ ಆಗಿಬರುವುದಿಲ್ಲ. ಸಂಬಳ ತಂದು ಹಾಕುತ್ತೇನಲ್ಲ.

ಜೂನ್ 20, ಶುಕ್ರವಾರ

ಕೊಂಡಾಪುರದಲ್ಲಿ ಅರ್ಧ ಕಟ್ಟಿದ ಅಪಾರ್ಟ್‌ಮೆಂಟ್ ಒಂದರಲ್ಲಿ ನಟನೆಯ ತರಬೇತಿ. ಐದನೇ ಮಹಡಿಯಲ್ಲಿ ಸರ್ ಬಾಗಿಲು ಹಾಕಿಕೊಂಡು ಹುಚ್ಚು ಹಿಡಿದ ಗಂಡನ ಪಾತ್ರ ವಹಿಸಿದರು. ಗೋಣಿಚೀಲಕ್ಕೆ ಸೀರೆ ಸುತ್ತಿ ಹೆಂಡತಿ ಮಾಡಿದ್ದರು. ಫೋನಿನಲ್ಲಿ ಮಾತಾಡುವವಳು ನಾನು. ಪಕ್ಕದಲ್ಲಿ ಇನ್ನೊಂದು ಹೆಡ್‌ಫೋನು ಹಾಕಿಕೊಂಡು ನಮ್ಮದೇ ತಂಡದ ಸ್ನೇಹಲತಾ. ಅವಳು ಮಾತಾಡುವಂತಿಲ್ಲ. ಎರಡೂ ಕಡೆಯದನ್ನು ಕೇಳಿಸಿಕೊಂಡು, ನಾನು ದಾರಿ ತಪ್ಪಿದರೆ ಚೀಟಿ ಬರೆದು ಮುಂದೆ ತಳ್ಳಬೇಕು. ಮಾತಾಡುವವಳಿಗೆ ಮಾತಿನ ನಶೆ ಏರುತ್ತದಂತೆ, ಪಕ್ಕದಲ್ಲಿ ನಶೆ ಏರದವರೊಬ್ಬರು ಬೇಕಂತೆ.

ಇನ್ನೊಂದು ನಿಯಮ: ಮಾತಾಡುವವರು ತೀರ್ಮಾನ ಮಾಡುವಂತಿಲ್ಲ, ತೀರ್ಮಾನ ಮಾಡುವವರು ಮಾತಾಡುವಂತಿಲ್ಲ. ಅವನು ಏನು ಕೇಳಿದರೂ "ಮೇಲಿನವರನ್ನು ಕೇಳಿ ಹೇಳುತ್ತೇನೆ" ಅನ್ನಬೇಕು. ಹೊತ್ತು ಕಳೆದಷ್ಟೂ ಒಳ್ಳೆಯದು.

ನಾನು ಹೊತ್ತು ಕಳೆಯಲಿಲ್ಲ. "ಮೊದಲು ಹೆಂಡತೀನ ಬಿಡು, ಆಮೇಲೆ ಮಾತು," ಎಂದು ಠಾಣೆಯ ಗತ್ತಿನಲ್ಲಿ ಅಂದೆ. ಬಾಲ್ಕನಿಯಿಂದ ಗೋಣಿಚೀಲದ ಹೆಂಡತಿ ಕೆಳಗೆ ಬಂದು ಸಾದಿಕ್‌ನ ಕಾಲ ಬಳಿ ಬಿದ್ದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಸ್ನೇಹಲತಾ ನಗಲಿಲ್ಲ. ಅವಳು "ಬೆದರಿಸಬೇಡ" ಎಂದು ಬರೆದ ಚೀಟಿ ನನ್ನ ಮೊಣಕೈ ಕೆಳಗೇ ಇತ್ತು.

ಜುಲೈ 3, ಗುರುವಾರ

ಈಗ ಪರವಾಗಿಲ್ಲ, ಗೋಣಿಚೀಲಗಳು ಸಾಯುತ್ತಿಲ್ಲ. ತಂಡಗಳನ್ನು ಅದಲುಬದಲು ಮಾಡಿದ್ದರು. ನಾನು ಗುರಾಣಿ ಹಿಡಿದು ಬಾಗಿಲ ಹೊರಗೆ ಬೆವರು ಸುರಿಸುತ್ತ ಕೂತೆ, ಸಾದಿಕ್ ಫೋನು ಹಿಡಿದ. ಕೂತು ಕಾಯುವುದು ಎಷ್ಟು ಕಷ್ಟ ಎಂದು ನನಗೆ ತಿಳಿಯಿತು, ಬಾಯಿ ಮುಚ್ಚಿಕೊಂಡು ಕೇಳುವುದು ಎಷ್ಟು ಕಷ್ಟ ಎಂದು ಅವನಿಗೆ. ಚಹಾ ಅವನೇ ಕುಡಿಸಿದ.

ಸರ್ ಇವತ್ತು ಹೇಳಿದ್ದು: "ನಮ್ಮ ಕಡೆ ಎಲ್ಲರೂ ಎಲ್ಲರಿಗೂ ಅಣ್ಣ, ಅಕ್ಕ, ಚಿಕ್ಕಪ್ಪ. ಹಾಗೆ ಕರೆದರೆ ಬಾಗಿಲು ಬೇಗ ತೆರೆಯುತ್ತದೆ. ಆದರೆ ಸಂಬಂಧ ಹೇಳಿಕೊಂಡವರಿಗೆ ಸಂಬಂಧದ ಕೆಲಸವೂ ಬೀಳುತ್ತದೆ, ಎಚ್ಚರ." ಆಮೇಲೆ ಸಾಯಲು ಹೊರಟವರ ಬಗ್ಗೆ ಹೇಳಿದರು. ಅಂಥವನನ್ನು ಹಿಡಿದಿಟ್ಟಿರುವುದು ಸಾಮಾನ್ಯವಾಗಿ ಅವನ ಸುಖವಲ್ಲ, ಅವನ ಹೊರೆ. ಮಗು, ತಾಯಿ, ಸಾಕಿದ ಎಮ್ಮೆ, ಏನಾದರೂ. ಅವನು ಅದನ್ನು ಒಪ್ಪಿಸಿಕೊಡಲು ಬಂದರೆ ಕೈ ಚಾಚಬೇಡಿ. ಒದ್ದಾಡುತ್ತಿದ್ದವನು ಇದ್ದಕ್ಕಿದ್ದ ಹಾಗೆ ಶಾಂತನಾದರೆ ಖುಷಿಪಡಬೇಡಿ.

ಎಲ್ಲ ಬರೆದುಕೊಂಡೆ.

ಮನೆಯಲ್ಲಿ ಅಪ್ಪ ಈಚೆಗೆ ಗೆಲುವಾಗಿದ್ದಾನೆ. ಇವತ್ತು ನನ್ನನ್ನು ಹಿಡಿದು ಕೂರಿಸಿ ಶರಣುವಿನ ಗಡ್ಡ ಮಾಡುವುದನ್ನು ತೋರಿಸಿಕೊಟ್ಟ. "ಅಂವಗ ಗಲ್ಲ ಉಬ್ಬಿಸು ಅಂದ್ರ ತಿಳಿಯೂದಿಲ್ಲ. ನೀ ನಿನ್ನ ಗಲ್ಲ ಉಬ್ಬಿಸು, ನಿನ್ನ ನೋಡಿ ಅಂವಾ ಉಬ್ಬಸ್ತಾನ. ಮೊದಲ ಬಲಗಡಿ. ಎಡಗಡಿ ಒಂದು ಮಚ್ಚಿ ಐತಿ, ಅಲ್ಲಿ ಬ್ಲೇಡ್ ಹಗೂರ ಹಿಡಿ." ನಾನು ಗಲ್ಲ ಉಬ್ಬಿಸಿದೆ. ಶರಣು ನನ್ನನ್ನು ನೋಡಿ ನಕ್ಕನೇ ಹೊರತು ಉಬ್ಬಿಸಲಿಲ್ಲ. ಎರಡು ಕಡೆ ಗಾಯ ಮಾಡಿದೆ. ಅಪ್ಪ ಬೈಯಲಿಲ್ಲ, "ಬರತದ ಬಿಡು, ರೂಢಿ ಆಗತದ," ಅಂದ. ಇಷ್ಟು ಸಮಾಧಾನದ ಅಪ್ಪನನ್ನು ನೋಡಿ ಎಷ್ಟು ದಿನವಾಗಿತ್ತೋ.

ಜುಲೈ 12, ಶನಿವಾರ

ಬೋನಾಲು ಜಾತ್ರೆಯ ಬಂದೋಬಸ್ತು. ಕಾಲು ಸೆಳೆತ. ಅಪ್ಪ ಇವತ್ತೂ ಆಸ್ಪತ್ರೆಗೆ ಹೋಗಿಲ್ಲ. ಎರಡು ವಾರದಲ್ಲಿ ಇದು ಎಷ್ಟನೆಯದೋ, ಕೇಳಿದರೆ ಮಾತು ಬದಲಿಸುತ್ತಾನೆ. ಹೀಗೇ ತಪ್ಪಿಸಿದರೆ ಎದೆಗೆ ನೀರು ತುಂಬುತ್ತದೆ, ಸರಿಯಾಗಿ ಬಂದರೆ ಇನ್ನೂ ವರ್ಷಗಟ್ಟಲೆ ಇರಬಹುದು ಎಂದು ಡಾಕ್ಟರ್ ಫೋನಿನಲ್ಲೇ ಗದರಿದರು. ನಾನು ಅಪ್ಪನನ್ನು ಗದರಿದೆ.

ತನ್ನ ಹಳೆಯ ಟೆಸ್ಟರ್, ಇಕ್ಕಳ ಎಲ್ಲ ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟಿದ್ದಾನೆ. ಮನೆ ಸ್ವಲ್ಪ ಖಾಲಿಯಾಯಿತು, ಒಳ್ಳೆಯದೇ.

ಜುಲೈ 17, ಗುರುವಾರ

ನಾಚಾರಂ. ಬರೆಯಲಾರೆ.

ಜುಲೈ 19, ಶನಿವಾರ

ಬರೆಯದೆ ಇರಲೂ ಆಗುತ್ತಿಲ್ಲ.

ನಾಚಾರಂನಲ್ಲಿ ಸ್ಟೀಲ್ ಡಬ್ಬಿಯ ಮುಚ್ಚಳ ಒತ್ತುವ ಸಣ್ಣ ಕಾರ್ಖಾನೆ. ಬೆಳಗಿನ ಪಾಳಿಯಲ್ಲಿ ಒಬ್ಬ ಕೆಲಸಗಾರ ಸೂಪರ್‌ವೈಸರ್ ಮೋಹನನನ್ನು ಕೋಣೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡಿದ್ದ. ಕೈಯಲ್ಲಿ ತಗಡು ಕತ್ತರಿಸುವ ಕತ್ತರಿ. ಸಾದಿಕ್‌ನ ತಂಡ ಬಾಗಿಲ ಎರಡೂ ಪಕ್ಕಕ್ಕೆ ಕೂತಿತು. ನಾವು ಎದುರಿನ ಗೋದಾಮಿನಲ್ಲಿ ಹಲಗೆ ನಿಲ್ಲಿಸಿ ಅವನ ಮೊಬೈಲಿಗೆ ಫೋನು ಹಚ್ಚಿದೆವು.

ಅವನ ತೆಲುಗು ತಡವರಿಸುತ್ತಿತ್ತು. ನಡುವೆ ತನಗೆ ತಾನೇ ಏನೋ ಗೊಣಗಿಕೊಂಡ. ಅದು ಕನ್ನಡ. ಯಾರನ್ನೂ ಕೇಳದೆ ನಾನೂ ಕನ್ನಡಕ್ಕೆ ಬಿದ್ದೆ.

"ಅಣ್ಣಾ, ಯಾವ ಊರು ನಿಮ್ಮದು?"

"ಗುರುಮಠಕಲ್ ಕಡೆ. ನೀ ಯಾರವ?"

"ನಾನೂ ನಿಮ್ಮ ಕಡೀಯಾಕಿನ. ನಮ್ಮಪ್ಪಂದು ಸೇಡಂ. ಶಿವದೇವಿ ಅಂತ."

"ಪೊಲೀಸ್ನಾಗ ನಮ್ಮಾಕಿ ಒಬ್ಬಾಕಿ ಇದ್ದಾಳಂತ ಗೊತ್ತಿದ್ದಿಲ್ಲ ನೋಡು," ಎಂದ. ಹೆಸರು ಹುಸೇನಪ್ಪ.

ಆಮೇಲೆ ಅವನು ಹೇಳುತ್ತ ಹೋದ, ನಾನು ಕೇಳುತ್ತ ಹೋದೆ. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿದೆ. ಅವಳ ತಮ್ಮನನ್ನು ಊರಿನಿಂದ ಕರೆತಂದು ಇಲ್ಲೇ ಕೆಲಸಕ್ಕೆ ಹಚ್ಚಿದ್ದ. ಮುಚ್ಚಳ ಒತ್ತುವ ಯಂತ್ರದೊಳಗೆ ಕೈ ಹೋಗದಂತೆ ಒಂದು ಜಾಲರಿ ಇರುತ್ತದೆ, ಕೆಲಸ ನಿಧಾನ ಎಂದು ಮೋಹನ ಅದನ್ನು ತೆಗೆಸಿದ್ದ. ಹೋದ ತಿಂಗಳು ಆ ಹುಡುಗ ಯಂತ್ರಕ್ಕೆ ಸಿಕ್ಕಿ ಸತ್ತ. "ಪೆಡಲ್ ಮ್ಯಾಲ ಕಾಲ ಇಟ್ಟಾಂವ ನಾನ ತಂಗಿ. ನನ್ನ ಕಾಲ. ಅಂವಾ ಬಗ್ಗಿದ್ದು ನಾ ನೋಡಲಿಲ್ಲ. ಹುಸೇನಪ್ಪನ ತಪ್ಪು ಅಂತ ಬರದು ಮುಗಿಸ್ಯಾರ. ಜಾಲರಿ ತೆಗಿ ಅಂದಾಂವ ಇಂವಾ. ಇವನ ಬಾಯಿಲೆ ಒಂದ ಸಲ ಹೇಳಿಸಬೇಕು, ಅಷ್ಟ."

ಅಷ್ಟೇ ಅವನ ಬೇಡಿಕೆ. ಮೇಲಿನವರನ್ನು ಕೇಳಿದೆ, ಒಪ್ಪಿದರು. ಮೋಹನ ಅಳುತ್ತ ಫೋನಿನಲ್ಲಿ ಹೇಳಿದ, ಜಾಲರಿ ತೆಗೆಸಿದ್ದು ನಾನೇ ಎಂದು. ಎಲ್ಲ ರೆಕಾರ್ಡ್ ಆಯಿತು. ಹುಸೇನಪ್ಪನ ಉಸಿರು ನಿಧಾನವಾಯಿತು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತೆ.

ಸ್ನೇಹಲತಾ ಚೀಟಿ ತಳ್ಳಿದಳು: "ಏನಂತಿದ್ದಾನೆ?" ಅವಳಿಗೆ ಕನ್ನಡ ಬರುವುದಿಲ್ಲ. ಕನ್ನಡಕ್ಕೆ ಬಿದ್ದ ಹೊತ್ತಿನಿಂದ ನನ್ನ ಪಕ್ಕದಲ್ಲಿ ಯಾರೂ ಇರಲಿಲ್ಲ ಎಂದೇ ಲೆಕ್ಕ. ಆಗ ಅದು ಹೊಳೆಯಲಿಲ್ಲ. ಮಾತು ಕೆಡುತ್ತದೆಂದು ಚೀಟಿಯನ್ನು ಪಕ್ಕಕ್ಕೆ ಸರಿಸಿದೆ.

"ತಂಗಿ," ಎಂದ ಹುಸೇನಪ್ಪ. ದನಿ ಬಹಳ ಮೆತ್ತಗಿತ್ತು. "ನನ್ನ ಮಗಳು ಅದಾಳ, ಲಹರಿ ಅಂತ. ಮೂರನೇತ್ತ ಓದತಾಳ. ನಮ್ಮತ್ತಿ ಕರಕೊಂಡು ಹೋದ್ರ ಶಾಲಿ ಬಿಡಿಸ್ತಾಳ. ನೀ ಆಕೀನ ನೋಡ್ಕೋತಿಯೇನು?"

"ಹೂಂ ಅಣ್ಣಾ, ನೋಡ್ಕೋತೀನಿ."

"ಖರೇ?"

"ಖರೇ ಅಣ್ಣಾ."

"ಭಾಳ ಹಗೂರಾತು ನೋಡು."

ಬಾಗಿಲು ತೆರೆಯಿತು. ಮೋಹನ ಹೊರಗೆ ಬಂದು ಬಿದ್ದ. ಗೋದಾಮಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಬಾಗಿಲು ಮತ್ತೆ ಮುಚ್ಚಿತು. ನಾನು ಫೋನಿನಲ್ಲಿ ಅಣ್ಣಾ, ಅಣ್ಣಾ ಎಂದು ಕೂಗುತ್ತಲೇ ಇದ್ದೆ. ಸಾದಿಕ್‌ನವರು ಒಡೆದು ಒಳಗೆ ಹೋಗುವಷ್ಟರಲ್ಲಿ ಆಗಿಹೋಗಿತ್ತು. ಹೇಗೆ ಎಂದು ಬರೆಯುವುದಿಲ್ಲ.

ಜುಲೈ 20, ಭಾನುವಾರ

ಅಣ್ಣ ಅಂದ ಮೇಲೆ ತಂಗಿ ಇಲ್ಲ ಅನ್ನುತ್ತಾಳೆಯೇ? ಇಲ್ಲ ಅನ್ನಬೇಕಿತ್ತು.

ಜುಲೈ 24, ಗುರುವಾರ

ಶರಣುವಿನ ಗಡ್ಡ ಮಾಡಿ, ಅಪ್ಪನಿಗೆ ರೊಟ್ಟಿ ಮುಚ್ಚಿಟ್ಟು, ಲಹರಿಯನ್ನು ನೋಡಲು ಹೋದೆ. ಸಮವಸ್ತ್ರ ಹಾಕಿಕೊಳ್ಳಲಿಲ್ಲ. ಕಾರ್ಖಾನೆಯ ಹಿಂದಿನ ಗಲ್ಲಿಯಲ್ಲಿ ಒಂದೇ ಕೋಣೆಯ ಮನೆ. ಅಜ್ಜಿ ಊರಿನಿಂದ ಬಂದು ಪಾತ್ರೆ ಕಟ್ಟುತ್ತಿದ್ದಳು. ಒಂದೇ ತಿಂಗಳಲ್ಲಿ ಮಗ ಹೋದ, ಅಳಿಯ ಹೋದ.

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹುಡುಗಿಯ ಓದು ನಾನು ನೋಡಿಕೊಳ್ಳುತ್ತೇನೆಂದು ಮಾತು ಕೊಟ್ಟಿದ್ದೇನೆ ಎಂದೆ.

ಅಜ್ಜಿ ಗಂಟು ಬಿಗಿಯುತ್ತಲೇ ಕೇಳಿದಳು, "ಮಾತು ಕೊಡಾಕ ನೀ ಯಾರವ? ನನ್ನ ಮೊಮ್ಮಗಳಾಕಿ. ಶಾಲಿ ನಮ್ಮೂರಾಗೂ ಐತಿ. ನಾ ಬಿಡಸ್ತೀನಂತ ಅಂದನೇನು? ಸಿಟ್ಟಿನಾಗ ಒಂದ ಸಲ ಅಂದಿದ್ದೆ. ಅದನ್ನ ಮನಸ್ಸಿನಾಗ ಇಟ್ಕೊಂಡಾನ." ಆಮೇಲೆ ಅವಳಿಗೆ ಗಂಟು ಬಿಗಿಯಲಾಗಲಿಲ್ಲ. ನಾನು ಬಿಗಿದುಕೊಟ್ಟೆ.

ಲಹರಿ ಹೊಸ್ತಿಲಲ್ಲಿ ಕೂತಿದ್ದಳು. ಎರಡು ಜಡೆ, ಒಂದಕ್ಕೆ ಮಾತ್ರ ರಿಬ್ಬನ್. ನನ್ನನ್ನು ಬಹಳ ಹೊತ್ತು ನೋಡಿ ಕೇಳಿದಳು. "ನಮ್ಮಪ್ಪ ಕಡೀಕ ನಿಮ್ಮ ಜೋಡಿನ ಮಾತಾಡ್ಯಾನಂತಲ್ರಿ?"

"ಹೂಂ."

"ನಾ ಶಾಲಿಯಿಂದ ಬರೂತನಕ ಯಾಕ ನಿಲ್ಲಲಿಲ್ಲಂತ?"

ಅವಳ ಪಕ್ಕ ಕೂತೆ. ಅವಳು ಅತ್ತಳು, ನಾನೂ ಅತ್ತೆ. ಬಸ್ಸಿನ ಹೊತ್ತಾಯಿತೆಂದು ಅಜ್ಜಿ ಎಬ್ಬಿಸುವವರೆಗೂ ಹಾಗೇ ಕೂತಿದ್ದೆವು.

ಜುಲೈ 28, ಸೋಮವಾರ

ಪ್ರಶಂಸಾಪತ್ರ ಕೊಟ್ಟರು. ಒತ್ತೆಯಾಳನ್ನು ಕೂದಲೂ ಕೊಂಕದಂತೆ ಬಿಡಿಸಿದ್ದಕ್ಕೆ. ಫೋಟೋ ತೆಗೆದರು.

ಸಾದಿಕ್ ಮೆಟ್ಟಿಲ ಹತ್ತಿರ ಕಾದಿದ್ದ. ತಮಾಷೆ ಮಾಡುತ್ತಾನೆ ಅಂದುಕೊಂಡೆ. ಮಾಡಲಿಲ್ಲ. "ಬಾಗಿಲು ಒಡೆದವನು ನಾನು ಮೇಡಂ," ಎಂದ ಹಿಂದಿಯಲ್ಲಿ. "ಕಣ್ಣು ಮುಚ್ಚಿದರೆ ಅದೇ ಬಾಗಿಲು. ನೀವು ಹೆಂಗದೀರಿ?" ಕೊನೆಯ ಎರಡು ಮಾತನ್ನು ಕನ್ನಡದಲ್ಲೇ ಕೇಳಿದ, ಯಾರಿಂದಲೋ ಕಲಿತುಕೊಂಡು ಬಂದು.

ಆಗಸ್ಟ್ 1, ಶುಕ್ರವಾರ

ರೆಕಾರ್ಡ್ ಹಾಕಿ ಕೇಳುವ ದಿನ. ಪ್ರತಿ ಘಟನೆಯ ನಂತರ ಎಲ್ಲರೂ ಕೂತು ಕೇಳಬೇಕು, ಅದು ಪದ್ಧತಿ. ನಾನೇ ಸಾಲು ಸಾಲಾಗಿ ತೆಲುಗಿಗೆ ತಿರುಗಿಸಿ ಹೇಳುತ್ತ ಹೋದೆ. "ನೋಡ್ಕೋತಿಯೇನು" ಎಂಬಲ್ಲಿಗೆ ಬಂದಾಗ ನನ್ನ ದನಿ ನಿಂತಿತು. ಟೇಪಿನಲ್ಲಿ ನನ್ನದೇ "ಹೂಂ ಅಣ್ಣಾ" ಕೇಳಿಸಿತು. ಅದನ್ನು ಯಾರಿಗೂ ತಿರುಗಿಸಿ ಹೇಳಬೇಕಾಗಲಿಲ್ಲ.

ಸ್ನೇಹಲತಾ ಮುಖ ಮುಚ್ಚಿಕೊಂಡಳು. "ನಿನ್ನ ಕೈ ಹಿಡಿದು ನಿಲ್ಲಿಸಬೇಕಿತ್ತು ಅಕ್ಕಾ. ತಿಳಿಯದ ಭಾಷೆ ಎಂದು ಸುಮ್ಮನಾದೆ." ಅವಳದೇನು ತಪ್ಪು? ಚೀಟಿ ಬರೆದಿದ್ದಳಲ್ಲ.

ಎಲ್ಲರೂ ಹೋದ ಮೇಲೆ ಸರ್ ನನ್ನೆದುರು ಕುರ್ಚಿ ಎಳೆದುಕೊಂಡರು. ಬೈಯಲಿ ಎಂದು ಕಾದೆ.

"ಅವನ ಹೊರೆ ನಾನು ಇಳಿಸಿಬಿಟ್ಟೆ ಸರ್," ಎಂದೆ.

"ಇಳಿಸಿಬಿಟ್ಟೆ," ಎಂದರು.

"ನಿಮ್ಮ ವಿದ್ಯೆಯನ್ನ ನನ್ನ ಮೇಲೆ ತೋರಿಸಬೇಡಿ ಸರ್."

"ವಿದ್ಯೆ ಅಲ್ಲಮ್ಮಾ. ನನಗೂ ಬೇರೆ ಮಾತು ತೋಚಲಿಲ್ಲ." ಮತ್ತೆ ಅಂದರು, "ನೀನು ಇಲ್ಲ ಅಂದಿದ್ದರೂ ಅವನು ಹೋಗುತ್ತಿದ್ದನೋ ಏನೋ. ಅದು ನಿನಗೂ ಗೊತ್ತಾಗುವುದಿಲ್ಲ, ನನಗೂ ಗೊತ್ತಾಗುವುದಿಲ್ಲ." ಇನ್ನು ಮೇಲೆ ಮಾತಾಡುವವರ ಭಾಷೆ ಪಕ್ಕದಲ್ಲಿ ಕೂತವರಿಗೂ ಬರಲೇಬೇಕು ಎಂದು ನಿಯಮ ಬರೆಸುತ್ತಾರಂತೆ. ಕನ್ನಡ ಬರುವ ಇನ್ನೊಬ್ಬರನ್ನು ಹುಡುಕಿ ನಾನೇ ತಯಾರು ಮಾಡಬೇಕಂತೆ. ಮಾಡುತ್ತೇನೆ. ಹುಸೇನಪ್ಪನಿಗೆ ಅದರಿಂದ ಏನು ಬಂತು?

ಆಗಸ್ಟ್ 5, ಮಂಗಳವಾರ

ಬೆಳಿಗ್ಗೆ ಶರಣುವಿಗೆ ಸ್ನಾನ, ಗಡ್ಡ. ನಾನು ಗಲ್ಲ ಉಬ್ಬಿಸಿದೆ, ಅವನೂ ಉಬ್ಬಿಸಿದ. ಅಪ್ಪ ಮಂಚದಿಂದಲೇ ನೋಡುತ್ತಿದ್ದ. ಪಾದ ಬಾತಿವೆ. ಇವತ್ತೂ ಆಟೋವನ್ನು ವಾಪಸ್ಸು ಕಳಿಸಿದ.

ಸಂಜೆ ನಾನು ಉಳ್ಳಾಗಡ್ಡಿ ಹೆಚ್ಚುತ್ತಿದ್ದೆ. ಅಪ್ಪ ಕರೆದ.

"ದೇವಿ, ಶರಣೂನ ನೋಡ್ಕೋತಿಯಲ್ಲ?"

ಕೈಯಲ್ಲಿದ್ದ ಚಾಕು ಬಿಟ್ಟೆ. ಹುಸೇನಪ್ಪ ಕೊನೆಗೆ ಕೇಳಿದ ಅದೇ ಮಾತು, ಅದೇ ಮೆತ್ತಗಿನ ದನಿ. ಗಡ್ಡ ಮಾಡಲು ಕಲಿಸಿದ್ದು, ಇಕ್ಕಳ ಕೊಟ್ಟದ್ದು, ಅಷ್ಟು ಗೆಲುವಾಗಿದ್ದದ್ದು, ಎಲ್ಲ ಒಟ್ಟಿಗೇ ಎದುರು ಬಂದು ನಿಂತವು. ಒಳ್ಳೆಯದೇ ಎಂದು ಬರೆದುಕೊಂಡವಳು ನಾನು.

"ಇಲ್ಲ," ಎಂದೆ.

ಅಪ್ಪ ತಿರುಗಿ ನೋಡಿದ. "ಏನು?"

"ಇಲ್ಲಪ್ಪಾ. ನನ್ನ ಕೈಲೆ ಆಗೂದಿಲ್ಲ."

"ದಿನಾ ಮಾಡಾಕತ್ತೀಯಲ್ಲ. ಗಡ್ಡ, ಸ್ನಾನ, ಎಲ್ಲಾ."

"ನೀ ಅಲ್ಲಿ ಕುಂತು ನೋಡ್ತಿ ಅಂತ ಮಾಡಾಕತ್ತೀನಿ. ನೀ ಇಲ್ಲಂದ್ರ ನನಗ ಆಗೂದಿಲ್ಲ. ನಾ ಮಾತು ಕೊಡೂದಿಲ್ಲ."

"ಒಡಹುಟ್ಟಿದಾಕಿ ಆಡೂ ಮಾತೇನು ಇದು? ನಿಮ್ಮವ್ವ ಇದ್ದಿದ್ರ..." ಮಾತು ಮುಗಿಸದೆ ಗೋಡೆಯ ಕಡೆ ಹೊರಳಿದ. ನನ್ನ ಕಣ್ಣು ಉರಿಯುತ್ತಿತ್ತು, ಉಳ್ಳಾಗಡ್ಡಿಯ ಉರಿಯಲ್ಲ. ಅಲ್ಲೇ ಮಂಚದ ಕೆಳಗೆ ಕೂತೆ.

"ಇನ್ನ ಎಷ್ಟು ಸೂಜಿ ಚುಚ್ಚಿಸ್ಕೊಳ್ಳಲಿ ನಾ? ಸಾಕಾಗೇದ ದೇವಿ," ಎಂದ ಗೋಡೆಗೆ.

"ಸಾಕಾಗೇದ," ಎಂದೆ.

ಅಪ್ಪ ಮಾತಾಡಿದ. ಸೂಜಿಯ ಬಗ್ಗೆ, ಪಕ್ಕದ ಮಂಚದಲ್ಲಿದ್ದವನು ಹೋದ ವಾರ ಬಾರದೇ ಹೋದದ್ದರ ಬಗ್ಗೆ, ಅವ್ವ ಇದ್ದಾಗ ಅವಳು ಆಸ್ಪತ್ರೆಯ ಬಾಗಿಲಲ್ಲಿ ಬುತ್ತಿ ಹಿಡಿದು ಕೂತಿರುತ್ತಿದ್ದದ್ದರ ಬಗ್ಗೆ. ಈಗ ಆ ಬಾಗಿಲಲ್ಲಿ ಯಾರೂ ಇರುವುದಿಲ್ಲವಂತೆ. ಇಷ್ಟು ತಿಂಗಳಲ್ಲಿ ಒಮ್ಮೆಯೂ ಹೇಳಿರಲಿಲ್ಲ. ನಾನು ಕೇಳಿರಲಿಲ್ಲ. ಒಲೆ ಹಚ್ಚುವುದು ಮರೆತುಹೋಗಿ ಮೂವರೂ ಚುರುಮುರಿ ತಿಂದೆವು.

ಮಾಡಿದ್ದು ಸರಿಯೋ ತಪ್ಪೋ ತಿಳಿಯದು. ದಣಿದವನಿಗೆ ಹೋಗು ಎನ್ನುವುದು ಪ್ರೀತಿಯೋ, ಹೊರೆ ಇಳಿಸಬೇಡ ಎನ್ನುವುದು ಪ್ರೀತಿಯೋ. ನನಗೆ ಅಪ್ಪ ಬೇಕು, ಅಷ್ಟೇ ಗೊತ್ತು.

ಆಗಸ್ಟ್ 6, ಬುಧವಾರ

ಅಪ್ಪ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ನನ್ನ ಕೈಯ ರೊಟ್ಟಿ ಮಾತ್ರ ತಿಂದ.

ಆಗಸ್ಟ್ 7, ಗುರುವಾರ

ರಜೆ ಹಾಕಿದೆ. ಬೆಳಿಗ್ಗೆ ಶರಣುವನ್ನು ಸ್ಟೂಲಿನ ಮೇಲೆ ಕೂರಿಸಿ ಬಲಗೆನ್ನೆ ಮಾಡಿದೆ. ಎಡಗೆನ್ನೆಗೆ ಬ್ಲೇಡು ಮುಟ್ಟಿಸದೆ ಟವೆಲಿನಿಂದ ಮುಖ ಒರೆಸಿಬಿಟ್ಟೆ. ಶರಣು ಒಂದು ಕಡೆ ಸವರಿಕೊಂಡ, ಇನ್ನೊಂದು ಕಡೆ ಸವರಿಕೊಂಡ, "ಅಪ್ಪಾ" ಎಂದು ರಾಗ ತೆಗೆದ.

"ಏನದು? ಅರ್ಧಾ ಬಿಟ್ಟೀಯಲ್ಲ," ಎಂದ ಅಪ್ಪ ಮಂಚದಿಂದ.

"ನನಗ ಇಷ್ಟ ಮಾಡಾಕ ಬರತದ."

ಅಪ್ಪ ನನ್ನನ್ನೇ ನೋಡಿದ. ನಾನು ಎಡವಟ್ಟು ಮಾಡಿದೆನೋ ಬೇಕೆಂದೇ ಬಿಟ್ಟೆನೋ ಅವನಿಗೆ ತಿಳಿಯದೆ ಇರಲಿಲ್ಲ. ನನ್ನನ್ನೂ, ನನ್ನ ನೌಕರಿಯನ್ನೂ, ನನ್ನನ್ನು ಪೊಲೀಸಿಗೆ ಸೇರಿಸಿದ ತನ್ನನ್ನೂ ಒಟ್ಟಿಗೇ ಬೈದ. ಬೈಯುತ್ತಲೇ ಗೋಡೆ ಹಿಡಿದು ಎದ್ದ. ಬಾತ ಪಾದ ಎಳೆಯುತ್ತ ಬಂದು ಶರಣುವಿನ ಎದುರು ಕೂತು ನನ್ನ ಕೈಯಿಂದ ರೇಜರ್ ಕಸಿದುಕೊಂಡ. ಅಪ್ಪ ತನ್ನ ಗಲ್ಲ ಉಬ್ಬಿಸಿದ, ಶರಣು ಉಬ್ಬಿಸಿದ, ನಿಂತಲ್ಲೇ ನನಗರಿಯದೆ ನಾನೂ ಉಬ್ಬಿಸಿದ್ದೆ. ಮಚ್ಚೆಯ ಹತ್ತಿರ ಬ್ಲೇಡು ಹಗುರವಾಗಿ ಹೋಯಿತು. ಎಲ್ಲೂ ರಕ್ತ ಬರಲಿಲ್ಲ.

ರೇಜರ್ ತೊಳೆದು ಕೊಡುವಾಗ ಅಪ್ಪ ನನ್ನ ಮುಖ ನೋಡಲಿಲ್ಲ.

"ಇವತ್ತ ಗುರುವಾರೇನು?"

"ಗುರುವಾರ."

"ಆಟೋದವಗ ಫೋನ್ ಮಾಡು. ಶನಿವಾರದ್ದ ಶನಿವಾರ ನೋಡೂಣು. ಆ ಬಾಗಿಲದಾಗ ನೀ ಕುಂದರ್ತಿಯೇ?"

ಅದಕ್ಕೆ ಹೂಂ ಅಂದೆ.